ಹಸಿದ ಯೀಸ್ಟ್ ಪೊರೆ ಕಟ್ಟುವುದನ್ನು ನೋಡುವ ಬಗೆ

ನಮ್ಮ ಲ್ಯಾಬ್‌ಗೆ ಹೊಸದಾಗಿ ಸೇರಿದವರಿಗೆ ನಾನು ಮೊದಲ ದಿನ, ಪ್ರೋಟೀನುಗಳನ್ನು ತೂಕದ ಪ್ರಕಾರ ಬಿಡಿಸಿ ನೋಡುವ ಜೆಲ್ ಹಾಕಿಸುವುದಿಲ್ಲ. ಮೈಕ್ರೋಸ್ಕೋಪ್ ಮುಂದೆ ಕೂರಿಸುತ್ತೇನೆ. ಮೂರು ಗಂಟೆ ಉಪವಾಸ ಇದ್ದ ಯೀಸ್ಟ್ ಕೋಶಗಳನ್ನು ಸ್ಲೈಡ್ ಮೇಲಿಟ್ಟು, ನೂರರ ಲೆನ್ಸಿಗೆ ಒಂದು ತೊಟ್ಟು ಎಣ್ಣೆ ಬಿಟ್ಟು, "ಕೋಶದೊಳಗೆ ಒಂದು ದೊಡ್ಡ ಗುಂಡನೆ ಚೀಲ ಇದೆಯಲ್ಲ, ಅದರೊಳಗೆ ನೋಡಿ" ಅನ್ನುತ್ತೇನೆ. ಸ್ವಲ್ಪ ಹೊತ್ತು ಏನೂ ಕಾಣುವುದಿಲ್ಲ. ಆಮೇಲೆ ಕಾಣುತ್ತದೆ. ಬಿಸಿಲುಕೋಲಿನಲ್ಲಿ ಧೂಳು ಅಲೆದಾಡುವ ಹಾಗೆ ಸಣ್ಣ ಸಣ್ಣ ಕಾಳುಗಳು ಆ ಚೀಲದೊಳಗೆ ಕುಣಿಯುತ್ತಿರುತ್ತವೆ.

ಆ ಕಾಳುಗಳೆಲ್ಲ ಕೋಶದ ಸ್ವಂತ ತುಣುಕುಗಳು. ಹೊರಗೆ ಸಾರಜನಕ ಸಿಗದೆ ಹೋದಾಗ ಯೀಸ್ಟ್ ತನ್ನ ಪ್ರೋಟೀನು, ರೈಬೋಸೋಮು, ಕೆಲವೊಮ್ಮೆ ಮೈಟೋಕಾಂಡ್ರಿಯಾವನ್ನೇ ಎರಡು ಪದರದ ಪೊರೆಯಲ್ಲಿ ಮೂಟೆ ಕಟ್ಟುತ್ತದೆ. ಆ ಮೂಟೆಯನ್ನು ಚೀಲಕ್ಕೆ, ಅಂದರೆ ವ್ಯಾಕ್ಯುಯೋಲ್‌ಗೆ ಸಾಗಿಸುತ್ತದೆ. ಅಲ್ಲಿ ಎಲ್ಲ ಕರಗಿ ಅಮೈನೋ ಆಮ್ಲಗಳಾಗಿ ವಾಪಸ್ ಬರುತ್ತದೆ. ಇದಕ್ಕೆ 1963ರಲ್ಲಿ ಆಟೋಫ್ಯಾಜಿ ಅಂತ ಹೆಸರಿಟ್ಟವರು ಕ್ರಿಶ್ಚಿಯನ್ ಡಿ ಡ್ಯೂವ್. ಯೀಸ್ಟ್‌ನಲ್ಲಿ ಅದನ್ನು ಕಣ್ಣಾರೆ ಕಂಡು ತೋರಿಸಿದವರು ಟೋಕಿಯೊದ ಯೋಶಿನೋರಿ ಓಸುಮಿ. 1988ರಲ್ಲಿ ಸ್ವಂತ ಲ್ಯಾಬ್ ಶುರು ಮಾಡಿದ ಅವರು, ಕರಗಿಸುವ ಕಿಣ್ವಗಳಿಲ್ಲದ ಯೀಸ್ಟನ್ನು ಉಪವಾಸ ಕೆಡವಿ ನೋಡಿದರು. ಕಿಣ್ವ ಇಲ್ಲದ ಕಾರಣ ಮೂಟೆಗಳು ಕರಗದೆ ಚೀಲದಲ್ಲೇ ತುಂಬಿಕೊಂಡವು. ಸಾಮಾನ್ಯ ಬೆಳಕಿನ ಮೈಕ್ರೋಸ್ಕೋಪಿನಲ್ಲೇ ಕಂಡವು. ಆ ಕೆಲಸ 1992ರಲ್ಲಿ ಪ್ರಕಟವಾಯಿತು. 2016ರಲ್ಲಿ ಅವರಿಗೆ ನೊಬೆಲ್ ಬಂತು.

ನನಗೆ ಇದರಲ್ಲಿ ಇವತ್ತಿಗೂ ಬೆರಗು ಹುಟ್ಟಿಸುವುದು ಮೂಟೆಯೊಳಗಿನ ಸರಕಿಗಿಂತ ಮೂಟೆಯ ಬಟ್ಟೆ, ಅಂದರೆ ಪೊರೆ. ಅರ್ಧ ಗಂಟೆ ಹಿಂದೆ ಆ ಪೊರೆ ಅಲ್ಲಿ ಇರಲೇ ಇಲ್ಲ. ಪೊರೆ ಆಗುವುದು ಲಿಪಿಡ್ ಎಂಬ ಕೊಬ್ಬಿನ ಪದಾರ್ಥದಿಂದ. ಹಸಿದ ಕೋಶ ಅಷ್ಟೊಂದು ಲಿಪಿಡ್ ಎಲ್ಲಿಂದ ತಂದಿತು? ಈ ಪ್ರಶ್ನೆ ಇಟ್ಟುಕೊಂಡು ಪ್ರಯೋಗ ಮಾಡಿದರೆ ಪ್ರತಿ ಹಂತದಲ್ಲೂ ಏನು ನೋಡಬೇಕು ಅನ್ನುವುದು ಸ್ಪಷ್ಟವಾಗುತ್ತದೆ. ನಾನು ಬೆಂಗಳೂರಿನ ಲ್ಯಾಬ್‌ನಲ್ಲಿ ಆರು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಕೈಗೆ ಹತ್ತಿದ್ದನ್ನೆಲ್ಲ ಇಲ್ಲಿ ಬರೆದಿಡುತ್ತೇನೆ.

ಮೊದಲು ಪೊರೆಯ ಕತೆ, ಚಿಕ್ಕದಾಗಿ

ಪಿಇ ಅಂತ ಒಂದು ಲಿಪಿಡ್ ಇದೆ. ಪೂರ್ತಿ ಹೆಸರು ಫಾಸ್ಫಟಿಡೈಲ್‌ಎಥನಾಲಮೈನ್. ಆಟೋಫ್ಯಾಜಿಗೆ ಬೇಕಾದ ಪ್ರೋಟೀನುಗಳಿಗೆ ಎಟಿಜಿ ಅಂತ ಹೆಸರಿಟ್ಟು ನಂಬರ್ ಕೊಟ್ಟಿದ್ದಾರೆ. ಅವುಗಳಲ್ಲಿ ಎಟಿಜಿ8 ಅನ್ನುವ ಸಣ್ಣ ಪ್ರೋಟೀನನ್ನು ಕೋಶ ಈ ಪಿಇಗೆ ಗಟ್ಟಿಯಾಗಿ ಅಂಟಿಸುತ್ತದೆ. ಹೀಗೆ ಪ್ರೋಟೀನೊಂದು ನೇರವಾಗಿ ಪೊರೆಯ ಲಿಪಿಡ್‌ಗೆ ಅಂಟುತ್ತದೆ ಅಂತ ಗೊತ್ತಾಗಿದ್ದು 2000ದಲ್ಲಿ, ಓಸುಮಿಯವರ ಗುಂಪಿನಿಂದಲೇ. ಅಂಟಿಸುವ ಮೊದಲು ಎಟಿಜಿ4 ಎಂಬ ಕತ್ತರಿ ಎಟಿಜಿ8ರ ಬಾಲದ ಕೊನೆಯ ಅಮೈನೋ ಆಮ್ಲವನ್ನು ಕತ್ತರಿಸುತ್ತದೆ. ಆಮೇಲೆ ಎಟಿಜಿ7, ಎಟಿಜಿ3 ಒಬ್ಬರಿಂದ ಒಬ್ಬರಿಗೆ ದಾಟಿಸಿ ಪಿಇಗೆ ಸೇರಿಸುತ್ತವೆ.

ಇನ್ನೊಂದು ಲಿಪಿಡ್ ಪಿಐ3ಪಿ. ಯೀಸ್ಟ್‌ನಲ್ಲಿ ಇದನ್ನು ಮಾಡುವ ಕಿಣ್ವ ವಿಪಿಎಸ್34 ಒಂದೇ. "ಪೊರೆ ಇಲ್ಲಿ ಕಟ್ಟಿ" ಅಂತ ಗುರುತು ಹಾಕುವ ಕೆಲಸ ಪಿಐ3ಪಿಯದು. ಕಟ್ಟಲು ಬೇಕಾದ ಲಿಪಿಡನ್ನು ಕೋಶದೊಳಗಿನ ಪೊರೆಯ ಜಾಲವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಿಂದ ದಾಟಿಸುವುದು ಎಟಿಜಿ2. ಬಂದ ಲಿಪಿಡ್ ಪೊರೆಯ ಒಂದೇ ಮಗ್ಗುಲಲ್ಲಿ ಗುಂಪಾಗದಂತೆ ಎರಡೂ ಮಗ್ಗುಲಿಗೆ ಹಂಚುವುದು ಎಟಿಜಿ9. ಈ ಎರಡು ಸಂಗತಿ ಹೊರಬಿದ್ದಿದ್ದು 2019, 2020ರ ಹೊತ್ತಿಗೆ. ನಾನು ಸೇರಿದ ಹೊಸತರಲ್ಲಿ ಈ ಪೇಪರುಗಳು ಬಿಸಿಬಿಸಿಯಾಗಿದ್ದವು. ಜರ್ನಲ್ ಕ್ಲಬ್‌ನಲ್ಲಿ ಎಟಿಜಿ2ರ ಆಕಾರ ನೋಡಿ, ಎರಡು ಪೊರೆಗಳ ನಡುವೆ ಸಂಕ ಹಾಕಿದ ಹಾಗಿದೆ ಅಂತ ಅನ್ನಿಸಿತ್ತು.

ಯಾವ ತಳಿಗಳು ಬೇಕು

ವೈಲ್ಡ್ ಟೈಪ್, ಅಂದರೆ ಯಾವ ಜೀನೂ ತೆಗೆಯದ ಮೂಲ ತಳಿ, ಒಂದೇ ಇಟ್ಟುಕೊಂಡು ಶುರು ಮಾಡಬೇಡಿ. ಕನಿಷ್ಠ ಇನ್ನು ಮೂರು ಬೇಕು. ಎಟಿಜಿ7 ಇಲ್ಲದ್ದು: ಇದರಲ್ಲಿ ಎಟಿಜಿ8 ಪಿಇಗೆ ಅಂಟುವುದೇ ಇಲ್ಲ. ಎಟಿಜಿ1 ಇಲ್ಲದ್ದು: ಅಂಟುತ್ತದೆ, ಆದರೆ ಮೂಟೆ ಪೂರ್ತಿಯಾಗುವುದೂ ಇಲ್ಲ, ಚೀಲಕ್ಕೆ ತಲುಪುವುದೂ ಇಲ್ಲ. ಪಿಇಪಿ4 (ಚೀಲದೊಳಗಿನ ಕರಗಿಸುವ ಕಿಣ್ವ) ಇಲ್ಲದ್ದು: ತಲುಪುತ್ತದೆ, ಆದರೆ ಕರಗುವುದಿಲ್ಲ. ಈ ಮೂರು ಜೊತೆಗಿದ್ದರೆ ನಿಮ್ಮ ಹೊಸ ಮ್ಯುಟೆಂಟ್ (ಜೀನ್ ಬದಲಾದ ತಳಿ) ದಾರಿಯಲ್ಲಿ ಎಲ್ಲಿ ನಿಂತಿದೆ ಅಂತ ಹೋಲಿಸಿ ಹೇಳಬಹುದು.

ಪಿಐ3ಪಿ ತೆಗೆದು ನೋಡಬೇಕು ಅಂತ ಕೆಲವರು ವಿಪಿಎಸ್34ನ್ನೇ ತೆಗೆಯುತ್ತಾರೆ. ನಾನು ಬೇಡ ಅನ್ನುತ್ತೇನೆ. ವ್ಯಾಕ್ಯುಯೋಲ್‌ಗೆ ಕಿಣ್ವಗಳನ್ನು ಕಳಿಸುವ ದಾರಿಗೂ ವಿಪಿಎಸ್34 ಬೇಕು. ಅದು ಹೋದರೆ ಕೋಶವೇ ಸೊರಗುತ್ತದೆ. ಏನು ಕೆಟ್ಟಿದೆ ಅಂತ ಗೊತ್ತಾಗುವುದಿಲ್ಲ. ಎಟಿಜಿ14 ತೆಗೆಯಿರಿ. ಅದು ವಿಪಿಎಸ್34ನ್ನು ಆಟೋಫ್ಯಾಜಿಯ ಕೆಲಸಕ್ಕೆ ಕರೆದೊಯ್ಯುವ ಜೊತೆಗಾರ. ಮಿಕ್ಕ ದಾರಿ ಹಾಗೇ ಉಳಿಯುತ್ತದೆ.

ಎಲ್ಲ ತಳಿಗೂ ಜಿಎಫ್‌ಪಿ-ಎಟಿಜಿ8 ಇರುವ ಪ್ಲಾಸ್ಮಿಡ್ (ಕೋಶಕ್ಕೆ ಹೊರಗಿನಿಂದ ಸೇರಿಸುವ ಡಿಎನ್‌ಎ ಉಂಗುರ) ಹಾಕಿ. ಜಿಎಫ್‌ಪಿ ಹಸಿರಾಗಿ ಹೊಳೆಯುವ ಪ್ರೋಟೀನು, ಎಟಿಜಿ8 ಎಲ್ಲಿದೆ ಅಂತ ತೋರಿಸುತ್ತದೆ. ಜಿಎಫ್‌ಪಿ ಮುಂದೆಯೇ ಇರಬೇಕು. ಬಾಲಕ್ಕೆ ಸೇರಿಸಿದರೆ ಎಟಿಜಿ4 ಅದನ್ನು ಕತ್ತರಿಸಿ ಬಿಸಾಡುತ್ತದೆ. ಕೋಶ ಪೂರ್ತಿ ಮಸುಕು ಹಸಿರಾಗುತ್ತದೆ ಅಷ್ಟೇ. ಪ್ಲಾಸ್ಮಿಡ್ ಕಡಿಮೆ ಪ್ರತಿಯದ್ದಾಗಿರಲಿ. ಎಟಿಜಿ8ರ ಸ್ವಂತ ಪ್ರೊಮೋಟರ್ (ಜೀನನ್ನು ಚಾಲೂ ಮಾಡುವ ಸ್ವಿಚ್) ಇರಲಿ. ಜಾಸ್ತಿ ಪ್ರೋಟೀನ್ ತುಂಬಿದರೆ ಅದು ಸುಮ್ನೆ ಗಂಟು ಕಟ್ಟಿಕೊಂಡು, ಪೊರೆ ಇಲ್ಲದ ಕಡೆಯೂ ಚುಕ್ಕಿ ತೋರಿಸುತ್ತದೆ.

ಬೆಳೆಸಿ, ಉಪವಾಸ ಕೆಡವುವುದು

ಹಿಂದಿನ ಸಂಜೆ ಒಂದು ಕಾಲನಿಯನ್ನು 5 ಎಂಎಲ್ ಮಾಧ್ಯಮಕ್ಕೆ (ಯೀಸ್ಟ್ ಬೆಳೆಸುವ ದ್ರವ) ಹಾಕಿ, 30 ಡಿಗ್ರಿಯಲ್ಲಿ ಶೇಕರ್‌ಗೆ ಇಡಿ. ಪ್ಲಾಸ್ಮಿಡ್ ಉಳಿಯಲು ಯುರಾಸಿಲ್ ಇಲ್ಲದ ಮಾಧ್ಯಮ (ನಮ್ಮ ಪ್ಲಾಸ್ಮಿಡ್‌ನ ಗುರುತು ಅದು, ನಿಮ್ಮದು ಬೇರೆ ಇರಬಹುದು). ಬೆಳಿಗ್ಗೆ ಓಡಿ (ಕೋಶಗಳ ದಟ್ಟಣೆಯ ಅಳತೆ) 0.2ಕ್ಕೆ ಇಳಿಸಿ, 100 ಎಂಎಲ್ ಫ್ಲಾಸ್ಕ್‌ನಲ್ಲಿ 20 ಎಂಎಲ್ ಮಾತ್ರ ಹಾಕಿ. ಗಾಳಿ ಆಡಬೇಕು. ಓಡಿ 0.8 ಬರಲು ನಾಲ್ಕೈದು ಗಂಟೆ ಬೇಕು. ವೈಪಿಡಿ ಎಂಬ ಪುಷ್ಟಿಯಾದ ಮಾಧ್ಯಮದಲ್ಲಾದರೆ ಒಂದೂವರೆ ಗಂಟೆಗೊಮ್ಮೆ ದುಪ್ಪಟ್ಟಾಗುತ್ತವೆ, ಈ ಮಾಧ್ಯಮದಲ್ಲಿ ನಿಧಾನ. ಓಡಿ 2, 3 ದಾಟಲು ಬಿಡಬೇಡಿ. ಸಕ್ಕರೆ ಮುಗಿಯುತ್ತಾ ಬಂದ ಕೋಶದಲ್ಲಿ ಆಟೋಫ್ಯಾಜಿ ತಾನಾಗೇ ಶುರುವಾಗಿರುತ್ತದೆ. ಆಮೇಲೆ ನಿಮ್ಮ ಸೊನ್ನೆ ಗಂಟೆ ಸೊನ್ನೆ ಆಗಿರುವುದಿಲ್ಲ.

ಲಿಪಿಡ್ ಬಗ್ಗೆ ಕೆಲಸ ಮಾಡುವವರಿಗೆ ವೈಪಿಡಿಯಲ್ಲಿ ಇನ್ನೊಂದು ತೊಡಕಿದೆ. ಅದರಲ್ಲಿರುವ ಯೀಸ್ಟ್ ಸಾರದಲ್ಲಿ ಎಥನಾಲಮೈನ್, ಕೋಲಿನ್ ಎಲ್ಲ ಇರುತ್ತವೆ. ಕೋಶ ಅದನ್ನು ಎತ್ತಿಕೊಂಡು ಪಿಇ ಮಾಡಿಕೊಳ್ಳುತ್ತದೆ. ನೀವು ಪಿಇ ಕಡಿಮೆ ಮಾಡಲು ಒಂದು ಜೀನ್ ತೆಗೆದಿರುತ್ತೀರಿ, ಮಾಧ್ಯಮ ಹಿಂಬಾಗಿಲಿನಿಂದ ಅದನ್ನೇ ಕೊಡುತ್ತಿರುತ್ತದೆ. ಆದ್ದರಿಂದ ಏನೇನಿದೆ ಅಂತ ಗೊತ್ತಿರುವ ಮಾಧ್ಯಮವನ್ನೇ ಬಳಸಿ. ಅದರಲ್ಲೂ ಇನೋಸಿಟಾಲ್ ಎಷ್ಟಿದೆ ಅಂತ ನೋಡಿ, ಪ್ರಯೋಗದ ನಡುವೆ ಬದಲಾಯಿಸಬೇಡಿ. ಫಾಸ್ಫೋಲಿಪಿಡ್ ಮಾಡುವ ಜೀನುಗಳನ್ನು ಏರಿಸಿ ಇಳಿಸುವುದು ಇನೋಸಿಟಾಲೇ.

ಉಪವಾಸದ ಮಾಧ್ಯಮ ಎಸ್‌ಡಿ-ಎನ್, ಅಂದರೆ ಸಾರಜನಕ ಇಲ್ಲದ್ದು. 100 ಎಂಎಲ್‌ಗೆ ಗ್ಲೂಕೋಸ್ 2 ಗ್ರಾಂ, ಯೀಸ್ಟ್ ನೈಟ್ರೋಜನ್ ಬೇಸ್ 0.17 ಗ್ರಾಂ. ಇಲ್ಲಿ ದಯವಿಟ್ಟು ಡಬ್ಬಿಯ ಮೇಲಿನ ಚೀಟಿ ಎರಡು ಸಲ ಓದಿ. ಇದೇ ಹೆಸರಿನ ಪುಡಿ ಎರಡು ಬಗೆಯಲ್ಲಿ ಬರುತ್ತದೆ: ಅಮೋನಿಯಂ ಸಲ್ಫೇಟ್ ಇರುವುದು, ಇಲ್ಲದ್ದು. ನಮಗೆ ಬೇಕಾದ್ದು ಇಲ್ಲದ್ದು. ನಾನು ಎರಡನೇ ವರ್ಷದಲ್ಲಿ ಕಪಾಟಿನಿಂದ ಇನ್ನೊಂದು ಡಬ್ಬಿ ತೆಗೆದು ಎರಡು ವಾರ ಪ್ರಯೋಗ ಮಾಡಿದೆ. ವೈಲ್ಡ್ ಟೈಪ್‌ನಲ್ಲೇ ಆಟೋಫ್ಯಾಜಿ ಇಲ್ಲ. ಪ್ಲಾಸ್ಮಿಡ್ ಮೇಲೆ ಅನುಮಾನ ಪಟ್ಟೆ, ಪ್ರೋಟೀನನ್ನು ಗುರುತಿಸಲು ಬಳಸುವ ಆಂಟಿಬಾಡಿ ಮೇಲೆ ಪಟ್ಟೆ. ಕೊನೆಗೆ ಡಬ್ಬಿ ತಿರುಗಿಸಿ ನೋಡಿದೆ. ಅವತ್ತಿನಿಂದ ನಮ್ಮಲ್ಲಿ ಸಾರಜನಕ ಇಲ್ಲದ ಡಬ್ಬಿಗೆ ಕೆಂಪು ಟೇಪ್ ಸುತ್ತಿಟ್ಟಿದ್ದೇವೆ. ನೀವೂ ಸುತ್ತಿಡಿ.

ಕೋಶಗಳನ್ನು ಸೆಂಟ್ರಿಫ್ಯೂಜ್‌ನಲ್ಲಿ ತಳಕ್ಕೆ ಇಳಿಸಿ, ಎಸ್‌ಡಿ-ಎನ್‌ನಲ್ಲೇ ಎರಡು ಸಲ ತೊಳೆಯಿರಿ. ಒಂದು ಸಲ ಸಾಲದು. ಟ್ಯೂಬಿನ ಗೋಡೆಗೆ ಅಂಟಿದ ಹಳೆಯ ಮಾಧ್ಯಮದಲ್ಲೂ ಅಮೈನೋ ಆಮ್ಲ ಇರುತ್ತದೆ. ತೊಳೆದ ಮೇಲೆ ಓಡಿ 1ಕ್ಕೆ ಕಲಸಿ, ಮತ್ತೆ 30 ಡಿಗ್ರಿ ಶೇಕರ್. ಕರೆಂಟು ಹೋಗಿ ಶೇಕರ್ ನಿಂತರೆ ಕೋಶಗಳು ತಳ ಕಚ್ಚುತ್ತವೆ. ಯುಪಿಎಸ್ ಇರುವ ಪ್ಲಗ್ ಯಾವುದು ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಸೊನ್ನೆ, ಒಂದು, ಎರಡು, ನಾಲ್ಕನೇ ಗಂಟೆಗೆ ಸ್ಯಾಂಪಲ್ ತೆಗೆಯಿರಿ. ಉಪವಾಸ ಬೇಡ ಅನ್ನುವವರು ರಾಪಮೈಸಿನ್ ಹಾಕಿ ಟಾರ್ ಎಂಬ ಕಿಣ್ವವನ್ನು ತಡೆದರೂ ಆಟೋಫ್ಯಾಜಿ ಶುರುವಾಗುತ್ತದೆ. ನನ್ನ ಮಟ್ಟಿಗೆ ಮೊದಲ ಸಲ ಕಲಿಯುವಾಗ ಉಪವಾಸವೇ ಸರಿ.

ಕಣ್ಣಿಂದ ನೋಡುವುದು

ವ್ಯಾಕ್ಯುಯೋಲಿನ ಪೊರೆಗೆ ಬಣ್ಣ ಹಚ್ಚಲು ಎಫ್‌ಎಂ4-64 ಬಳಸುತ್ತೇವೆ. ಈ ಬಣ್ಣ ಕೊಬ್ಬನ್ನು ಹುಡುಕಿ ಹೋಗುತ್ತದೆ. ಮೊದಲು ಕೋಶದ ಹೊರಪೊರೆಗೆ ಇಳಿಯುತ್ತದೆ. ಆ ಪೊರೆ ತುಣುಕು ತುಣುಕಾಗಿ ಒಳಗೆ ಮಡಚಿಕೊಂಡು ಹೋಗುವಾಗ ಬಣ್ಣವೂ ಜೊತೆಗೇ ಹೋಗಿ ಕೊನೆಗೆ ವ್ಯಾಕ್ಯುಯೋಲಿನ ಸುತ್ತ ಕೆಂಪು ಉಂಗುರ ಆಗುತ್ತದೆ. ಹಿಮದ ಮೇಲೆ ಇಟ್ಟರೆ ಹೊರಪೊರೆಯಲ್ಲೇ ನಿಂತುಬಿಡುತ್ತದೆ. ಒಂದು ಸಲ ಎರಡನ್ನೂ ಮಾಡಿ ನೋಡಿ. ಪೊರೆ ನಿಂತ ಗೋಡೆಯಲ್ಲ, ಸದಾ ಹರಿದಾಡುವ ವಸ್ತು ಅಂತ ಮನಸ್ಸಿಗೆ ಇಳಿಯುತ್ತದೆ.

ಬಣ್ಣ ಹಚ್ಚುವುದನ್ನು ಉಪವಾಸಕ್ಕೆ ಮೊದಲೇ ಮುಗಿಸಿ. ಒಂದು ಓಡಿಯಷ್ಟು ಕೋಶವನ್ನು 100 ಮೈಕ್ರೋಲೀಟರ್ ಮಾಧ್ಯಮದಲ್ಲಿ ಕಲಸಿ, 2 ಮಿಲಿಮೋಲಾರ್ ಸ್ಟಾಕ್‌ನಿಂದ ಅರ್ಧ ಮೈಕ್ರೋಲೀಟರ್ ಹಾಕಿ, ಕತ್ತಲಲ್ಲಿ 30 ನಿಮಿಷ ಇಡಿ. ತೊಳೆದು, ಬಣ್ಣ ಇಲ್ಲದ ಮಾಧ್ಯಮದಲ್ಲಿ ಒಂದು ಗಂಟೆ ಬಿಡಿ. ಈ ಒಂದು ಗಂಟೆಯನ್ನು ಉಳಿಸಲು ಹೋಗಬೇಡಿ. ಬೇಗ ನೋಡಿದರೆ ದಾರಿಯಲ್ಲಿರುವ ಸಣ್ಣ ಚೀಲಗಳೂ ಕೆಂಪಾಗಿ ಕಂಡು ಗೊಂದಲ ಆಗುತ್ತದೆ. ಕೋಶ ಅಲುಗಾಡದಿರಲು ಕವರ್‌ಸ್ಲಿಪ್‌ಗೆ ಕಾನ್ಕಾನವಲಿನ್ ಎ ಎಂಬ, ಕೋಶವನ್ನು ಹಿಡಿದಿಡುವ ಪ್ರೋಟೀನು ಸವರಿ ಒಣಗಿಸಿಕೊಳ್ಳಿ.

ಸೊನ್ನೆ ಗಂಟೆಯಲ್ಲೂ ಕೆಲವು ಕೋಶಗಳಲ್ಲಿ ಒಂದೊಂದು ಹಸಿರು ಚುಕ್ಕಿ ಕಾಣುತ್ತದೆ. ಹೆದರಬೇಡಿ. ಹೊಟ್ಟೆ ತುಂಬಿದ್ದಾಗಲೂ ಯೀಸ್ಟ್ ಕೆಲವು ಕಿಣ್ವಗಳನ್ನು ಇದೇ ತರಹದ ಸಣ್ಣ ಪೊಟ್ಟಣದಲ್ಲಿ ವ್ಯಾಕ್ಯುಯೋಲ್‌ಗೆ ಕಳಿಸುತ್ತಿರುತ್ತದೆ. ಅರ್ಧ, ಒಂದು ಗಂಟೆಯಲ್ಲಿ ಚುಕ್ಕಿಗಳು ಜಾಸ್ತಿ ಆಗುತ್ತವೆ. ಎರಡರಿಂದ ನಾಲ್ಕು ಗಂಟೆಯಲ್ಲಿ ಕೆಂಪು ಉಂಗುರದ ಒಳಗೆಲ್ಲ ಹಸಿರು ತುಂಬಿಕೊಳ್ಳುತ್ತದೆ.

ಮೊದಲು ಹೇಳಿದ ಕುಣಿತ ನೋಡಲು ಬಣ್ಣವೂ ಬೇಡ, ಜಿಎಫ್‌ಪಿಯೂ ಬೇಡ. ವೈಲ್ಡ್ ಟೈಪ್‌ಗೆ ಎಸ್‌ಡಿ-ಎನ್ ಜೊತೆ 1 ಮಿಲಿಮೋಲಾರ್ ಪಿಎಂಎಸ್‌ಎಫ್ ಕೊಡಿ, ಅಂದರೆ ಎಥನಾಲ್‌ನಲ್ಲಿ ಕರಗಿಸಿದ 100 ಮಿಲಿಮೋಲಾರ್ ಸ್ಟಾಕ್‌ನಿಂದ 1 ಎಂಎಲ್‌ಗೆ 10 ಮೈಕ್ರೋಲೀಟರ್. ಅದು ಕರಗಿಸುವ ಕಿಣ್ವವನ್ನು ತಡೆಯುತ್ತದೆ. ನೀರಿಗೆ ಬಿದ್ದ ಮೇಲೆ ಬೇಗ ಕೆಡುತ್ತದೆ, ಆದ್ದರಿಂದ ಕೋಶ ಸಿದ್ಧವಾದ ಮೇಲೇ ಹಾಕಿ. ವಿಷ ಅದು. ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಪುಡಿ ತೂಗುವಾಗ ಉಸಿರಿಗೆ ಹೋಗದ ಹಾಗೆ ಹುಡ್ ಒಳಗೇ ತೂಗಿ. ಎರಡು ಮೂರು ಗಂಟೆಯಲ್ಲಿ ಚೀಲದೊಳಗೆ ಕಾಳುಗಳು ಬಂದಿರುತ್ತವೆ. ಹೊರಗಿನ ಪದರ ವ್ಯಾಕ್ಯುಯೋಲಿನ ಪೊರೆಗೇ ಬೆರೆತುಹೋಗಿರುತ್ತದೆ. ನೀವು ನೋಡುತ್ತಿರುವುದು ಒಳ ಪದರದ ಮೂಟೆ. ಅದರ ಪೊರೆಯನ್ನು ಒಡೆಯಲು ಎಟಿಜಿ15 ಅನ್ನುವ ಲೈಪೇಸ್ ಬೇಕು. ಅದಿಲ್ಲದ ತಳಿಯಲ್ಲೂ ಇದೇ ಕುಣಿತ ಕಾಣುತ್ತದೆ.

ಚುಕ್ಕಿ ಎಣಿಸಿ ಮೋಸ ಹೋಗಬೇಡಿ

ಇದನ್ನು ನಾನು ಸ್ವಲ್ಪ ಒತ್ತಿ ಹೇಳಬೇಕು. ಒಂದು ಮ್ಯುಟೆಂಟ್‌ನಲ್ಲಿ ನನಗೆ ವೈಲ್ಡ್ ಟೈಪ್‌ಗಿಂತ ಜಾಸ್ತಿ ಚುಕ್ಕಿ ಕಂಡವು. ಖುಷಿಯಿಂದ ಮೇಡಂ ಹತ್ತಿರ ಓಡಿದೆ. ಆಟೋಫ್ಯಾಜಿ ಜಾಸ್ತಿಯಾಗಿದೆ ಅಂದೆ. ಅವರು ಚಿತ್ರ ನೋಡಿ ಒಂದೇ ಮಾತು ಕೇಳಿದರು: "ನೋಡಮ್ಮ, ನಿಮ್ಮ ಬೀದಿ ಮೂಲೇಲಿ ಕಸ ರಾಶಿ ಬಿದ್ದಿದ್ರೆ ಜನ ಜಾಸ್ತಿ ಕಸ ಹಾಕಿದ್ರು ಅಂತೀಯೋ, ಗಾಡಿ ಬಂದಿಲ್ಲ ಅಂತೀಯೋ?"

ವ್ಯಾಕ್ಯುಯೋಲ್ ಒಳಗೆ ಹಸಿರು ಇರಲೇ ಇಲ್ಲ. ಗಾಡಿ ಬಂದಿರಲಿಲ್ಲ. ಪೊರೆ ಕಟ್ಟುವುದು ನಡೆದಿತ್ತು, ಮುಗಿಸಿ ಸಾಗಿಸುವುದು ನಿಂತಿತ್ತು.

ಹಾಗಾಗಿ ಚುಕ್ಕಿ ಇರುವ ಕೋಶ ಎಷ್ಟು, ವ್ಯಾಕ್ಯುಯೋಲ್ ಹಸಿರಾದ ಕೋಶ ಎಷ್ಟು, ಎರಡನ್ನೂ ಬೇರೆ ಬೇರೆ ಎಣಿಸಿ. ಪ್ರತಿ ತಳಿಗೆ ನೂರು ಕೋಶವಾದರೂ ಬೇಕು, ಮೂರು ಬೇರೆ ಕಾಲನಿಗಳಿಂದ. ಫೈಲಿನ ಹೆಸರುಗಳನ್ನು ಪಕ್ಕದ ಬೆಂಚಿನವರಿಂದ ಬದಲಾಯಿಸಿಕೊಂಡು ಎಣಿಸಿ. ಯಾವುದು ಮ್ಯುಟೆಂಟ್ ಅಂತ ಗೊತ್ತಿದ್ದರೆ ಕಣ್ಣು ನಮಗೆ ಬೇಕಾದ್ದನ್ನೇ ನೋಡುತ್ತದೆ.

ಜೆಲ್‌ನಲ್ಲಿ ಎರಡು ಪ್ರಶ್ನೆ, ಎರಡು ಜೆಲ್

ಮೊದಲ ಪ್ರಶ್ನೆ: ಮೂಟೆ ತಲುಪಿತಾ? ವ್ಯಾಕ್ಯುಯೋಲ್ ಒಳಗೆ ಎಟಿಜಿ8 ಕರಗಿಹೋಗುತ್ತದೆ, ಜಿಎಫ್‌ಪಿ ಬೇಗ ಕರಗುವುದಿಲ್ಲ. ಆದ್ದರಿಂದ ಜಿಎಫ್‌ಪಿ ಆಂಟಿಬಾಡಿಯಲ್ಲಿ ನೋಡಿದರೆ ಸುಮಾರು 40 (ಪ್ರೋಟೀನಿನ ತೂಕದ ಅಳತೆ) ಕಿಲೋಡಾಲ್ಟನ್‌ನಲ್ಲಿ ಪೂರ್ತಿ ಪ್ರೋಟೀನು, 27ರ ಹತ್ತಿರ ಬಿಡಿ ಜಿಎಫ್‌ಪಿ ಕಾಣುತ್ತದೆ. ಹೊತ್ತು ಹೋದ ಹಾಗೆ ಕೆಳಗಿನ ಪಟ್ಟಿ ದಪ್ಪ ಆಗಬೇಕು. ಎಟಿಜಿ1, ಎಟಿಜಿ7, ಪಿಇಪಿ4 ಇಲ್ಲದವುಗಳಲ್ಲಿ ಆಗಬಾರದು. ಕೋಶ ಒಡೆಯಲು ನಾನು ಟಿಸಿಎ ಎಂಬ ಆಮ್ಲ ಬಳಸುತ್ತೇನೆ: ಕೊನೆಗೆ ನೂರಕ್ಕೆ 10ರಷ್ಟು, ಹಿಮದ ಮೇಲೆ ಅರ್ಧ ಗಂಟೆ, ಆಮೇಲೆ ತಣ್ಣನೆಯ ಅಸಿಟೋನ್‌ನಲ್ಲಿ ತೊಳೆಯುವುದು. ಸ್ಯಾಂಪಲ್ ಬಫರ್ ಹಾಕಿದಾಗ ನೀಲಿ ಬಣ್ಣ ಹಳದಿಯಾದರೆ ಆಮ್ಲ ಉಳಿದಿದೆ ಅಂತ ಅರ್ಥ. ನೀಲಿ ಬರುವವರೆಗೆ ಒಂದೊಂದೇ ಮೈಕ್ರೋಲೀಟರ್ ಟ್ರಿಸ್ ಎಂಬ ಕ್ಷಾರ ಹಾಕಿ.

ಎರಡನೇ ಪ್ರಶ್ನೆ: ಎಟಿಜಿ8 ಲಿಪಿಡ್‌ಗೆ ಅಂಟಿತಾ? ಇದಕ್ಕೆ ಜಿಎಫ್‌ಪಿ ಇಲ್ಲದ, ಕೋಶದ ಸ್ವಂತ ಎಟಿಜಿ8 ನೋಡಬೇಕು. ಜಿಎಫ್‌ಪಿ ಭಾರದಲ್ಲಿ ಒಂದು ಲಿಪಿಡ್‌ನ ವ್ಯತ್ಯಾಸ ಮುಚ್ಚಿಹೋಗುತ್ತದೆ. 13.5 ಶೇಕಡಾ ಜೆಲ್, ಅದರಲ್ಲಿ 6 ಮೋಲಾರ್ ಯೂರಿಯಾ, ಅಂದರೆ 10 ಎಂಎಲ್ ಜೆಲ್‌ಗೆ 3.6 ಗ್ರಾಂ. ಯೂರಿಯಾ ಕರಗುವಾಗ ಟ್ಯೂಬ್ ಕೈಗೆ ತಣ್ಣಗೆ ಹತ್ತುತ್ತದೆ. ಡಿಸೆಂಬರ್ ಬೆಳಿಗ್ಗೆಯಂತೂ ಕರಗುವುದೇ ಇಲ್ಲ ಅನ್ನಿಸುತ್ತದೆ. ಬಿಸಿ ಮಾಡಬೇಡಿ. ಯೂರಿಯಾ ಕಾದರೆ ಪ್ರೋಟೀನಿಗೆ ಅಂಟುವ ಪದಾರ್ಥ ಹುಟ್ಟುತ್ತದೆ. ಅಂಗೈಯಲ್ಲಿ ಹಿಡಿದು ಉರುಳಿಸುತ್ತಾ ಕೂತರೆ ಸಾಕು, ಕರಗುತ್ತದೆ.

ಇಲ್ಲಿ ಹೊಸಬರು ತಲೆ ಕೆರೆದುಕೊಳ್ಳುವ ಒಂದು ವಿಷಯ ಇದೆ. ಲಿಪಿಡ್ ಸೇರಿದ ಎಟಿಜಿ8 ತೂಕದಲ್ಲಿ ಜಾಸ್ತಿ, ಆದರೂ ಜೆಲ್‌ನಲ್ಲಿ ಬೇಗ ಓಡಿ ಕೆಳಗೆ ಬರುತ್ತದೆ. ಕೆಳಗಿನ ಪಟ್ಟಿಯೇ ಪಿಇಗೆ ಅಂಟಿದ್ದು. ನಿಜವಾಗಿ ಲಿಪಿಡ್ಡೇನಾ ಅಂತ ಖಾತ್ರಿ ಮಾಡಲು ಫಾಸ್ಫೋಲೈಪೇಸ್ ಡಿ ಎಂಬ ಕಿಣ್ವ ಹಾಕಿ ನೋಡಿ. ಕೊಬ್ಬಿನ ಭಾಗ ಕಳಚಿ ಪಟ್ಟಿ ಮೇಲಿನ ಜಾಗಕ್ಕೆ ಹೋಗುತ್ತದೆ. ಎಟಿಜಿ7 ಇಲ್ಲದ ತಳಿಯಲ್ಲಿ ಕೆಳಗಿನ ಪಟ್ಟಿ ಇರಲೇಬಾರದು. ಇದ್ದರೆ ಆ ಜೆಲ್ ನಂಬಬೇಡಿ. ಎಟಿಜಿ1 ಇಲ್ಲದ್ದರಲ್ಲಿ ಕೆಳಗಿನ ಪಟ್ಟಿ ಇರುತ್ತದೆ, ಬಿಡಿ ಜಿಎಫ್‌ಪಿ ಇರುವುದಿಲ್ಲ. ಪೊರೆ ಕಟ್ಟುವುದು ಒಂದು, ತಲುಪಿಸುವುದು ಇನ್ನೊಂದು ಅಂತ ಈ ಎರಡು ಜೆಲ್ ಪಕ್ಕಪಕ್ಕ ಇಟ್ಟಾಗ ಕಾಣುತ್ತದೆ.

ಲಿಪಿಡ್ ಬದಲಾಯಿಸಿ ನೋಡುವುದು

ಇಷ್ಟು ಕೈಗೆ ಹತ್ತಿದ ಮೇಲೆ ಪಿಇಗೆ ಕೈ ಹಾಕಿ. ಯೀಸ್ಟ್ ಪಿಇಯನ್ನು ಮುಖ್ಯವಾಗಿ ಮೈಟೋಕಾಂಡ್ರಿಯಾದ ಪಿಎಸ್‌ಡಿ1 ಕಿಣ್ವದಿಂದ ಮಾಡುತ್ತದೆ. ಪಿಎಸ್‌ಡಿ2 ಬೇರೆ ಜಾಗದಲ್ಲಿ ಸ್ವಲ್ಪ ಮಾಡುತ್ತದೆ. ಎಥನಾಲಮೈನ್ ಸಿಕ್ಕರೆ ಕೆನಡಿ ದಾರಿ ಎಂಬ ಮೂರನೇ ದಾರಿಯಲ್ಲೂ ಮಾಡಿಕೊಳ್ಳುತ್ತದೆ. ಪಿಎಸ್‌ಡಿ1 ಒಂದನ್ನೇ ತೆಗೆದ ತಳಿಯಿಂದ ಶುರು ಮಾಡಿ. ಎರಡನ್ನೂ ತೆಗೆದರೆ ಎಥನಾಲಮೈನ್ ಕೊಡದೆ ಬೆಳೆಯುವುದೇ ಕಷ್ಟ.

ಈ ತಳಿ ನಿಧಾನ ಬೆಳೆಯುತ್ತದೆ, ಮೈಟೋಕಾಂಡ್ರಿಯಾವೂ ಸರಿ ಇರುವುದಿಲ್ಲ. ಆದ್ದರಿಂದ ಗಡಿಯಾರ ನೋಡಿ ಕೊಯ್ಲು ಮಾಡಬೇಡಿ, ಓಡಿ ನೋಡಿ ಮಾಡಿ. ಬಿಡಿ ಜಿಎಫ್‌ಪಿ ಕಡಿಮೆ ಕಂಡರೆ ತಕ್ಷಣ ಪಿಇ ಕೊರತೆ ಅಂತ ಬರೆಯಬೇಡಿ. ಕೋಶ ಸೊರಗಿದ್ದಕ್ಕೂ ಹಾಗಾಗಿರಬಹುದು ಅಲ್ವಾ? ಅದನ್ನು ಬಿಡಿಸಲು ಎಥನಾಲಮೈನ್ ವಾಪಸ್ ಕೊಟ್ಟು ನೋಡಬೇಕು. ಬೆಳೆಸುವ ಮಾಧ್ಯಮಕ್ಕೆ ಕೊನೆಗೆ 2 ಮಿಲಿಮೋಲಾರ್ ಆಗುವ ಹಾಗೆ ಹಾಕಿ. ಸುಮ್ನೆ ದ್ರವ ಎಥನಾಲಮೈನ್ ಹಾಕಿದರೆ ಅದು ಕ್ಷಾರ, ಪಿಎಚ್ ಏರಿಬಿಡುತ್ತದೆ. ಹೈಡ್ರೋಕ್ಲೋರೈಡ್ ಉಪ್ಪು ತಗೊಳ್ಳಿ. ವೈಲ್ಡ್ ಟೈಪ್‌ಗೂ ಅಷ್ಟೇ ಕೊಡಿ, ಯಾಕೆಂದರೆ ಎಥನಾಲಮೈನ್‌ನಲ್ಲೂ ಸಾರಜನಕ ಇದೆ. ಉಪವಾಸಕ್ಕೆ ಹಾಕುವಾಗ ಮತ್ತೆ ಎರಡು ಸಲ ತೊಳೆಯಿರಿ.

ಕೊಬ್ಬಿನ ಹನಿಗಳನ್ನೂ ಜೊತೆಗೆ ನೋಡಬೇಕು ಅನ್ನುವವರಿಗೆ ಒಂದೇ ಎಚ್ಚರಿಕೆ: ಆ ಹನಿಗಳಿಗೆ ಹಚ್ಚುವ ಬಣ್ಣ ಬಾಡಿಪೈ 493/503 ಹಸಿರು, ಜಿಎಫ್‌ಪಿಯೂ ಹಸಿರು. ಒಂದೇ ಕೋಶದಲ್ಲಿ ಎರಡನ್ನೂ ಹಾಕಿದರೆ ಯಾವುದು ಯಾವುದೆಂದು ಹೇಳಲಾಗದು. ಜಿಎಫ್‌ಪಿ ಇಲ್ಲದ ತಳಿಯಲ್ಲಿ ಬೇರೆಯಾಗಿ ಮಾಡಿ.

ಎಥನಾಲಮೈನ್ ಕೊಟ್ಟ, ಕೊಡದ ಸ್ಯಾಂಪಲ್‌ಗಳನ್ನು ಒಂದೇ ಜೆಲ್‌ನಲ್ಲಿ ಅಕ್ಕಪಕ್ಕ ಓಡಿಸಿ. ಮೊದಲು ಯೂರಿಯಾ ಜೆಲ್‌ನ ಕೆಳಗಿನ ಪಟ್ಟಿ ನೋಡಿ, ಆಮೇಲೆ ಬಿಡಿ ಜಿಎಫ್‌ಪಿ ನೋಡಿ. ಎಥನಾಲಮೈನ್ ಕೊಟ್ಟಾಗ ಎರಡೂ ಏರಿದರೆ ಕೊರತೆ ಇದ್ದದ್ದು ಪಿಇಯಲ್ಲೇ ಅನ್ನಲು ನಿಮಗೆ ಆಧಾರ ಸಿಕ್ಕಿತು. ಕೆಳಗಿನ ಪಟ್ಟಿ ಏರಿ, ಬಿಡಿ ಜಿಎಫ್‌ಪಿ ಏರದಿದ್ದರೆ ಮತ್ತೆ ಮೈಕ್ರೋಸ್ಕೋಪ್ ಬುಕ್ ಮಾಡಿ, ಅದೇ ತಳಿಯ ಕೋಶಗಳಿಗೆ ಉಪವಾಸಕ್ಕೆ ಮೊದಲೇ ಎಫ್‌ಎಂ4-64 ಹಚ್ಚಿ, ಹಸಿರು ಚುಕ್ಕಿಗಳು ಕೆಂಪು ಉಂಗುರದ ಹೊರಗೆ ನಿಂತಿವೆಯೋ ಒಳಗೆ ಬಂದಿವೆಯೋ ನೋಡಿ.